ಕಾರಿನ ಗಾಜು ಏರದಿದ್ದರೆ ಮೋಟಾರು ಬದಲಿಸಲು ಒಪ್ಪುವ ಮೊದಲು ಇದನ್ನು ಓದಿ

ಜುಲೈ ತಿಂಗಳ ಒಂದು ಸಂಜೆ ಅತ್ತೆಯ ಕಣ್ಣು ತೋರಿಸಿ ಮಂಗಳೂರಿನಿಂದ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕಕ್ಕೆ ಮರಳುತ್ತಿದ್ದೆವು. ಎಸಿ ಹಾಕಿದರೆ ಅತ್ತೆಗೆ ವಾಂತಿ ಬಂದ ಹಾಗೆ ಆಗುತ್ತದೆ. ಉಪ್ಪಳದಲ್ಲಿ ಮಳೆ ಸ್ವಲ್ಪ ಬಿಟ್ಟದ್ದು ಕಂಡು ಅವರು ತಮ್ಮ ಬದಿಯ ಗಾಜು ಇಳಿಸಿದರು. ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಸೀತಾಂಗೋಳಿ ದಾರಿ ಹಿಡಿಯುವಷ್ಟರಲ್ಲಿ ಮಳೆ ಧೋ ಎಂದು ಸುರಿಯತೊಡಗಿತು. ಗಾಜು ಏರಲಿಲ್ಲ. ಅವರ ಬಾಗಿಲಿನ ಸ್ವಿಚ್ಚಿನಿಂದಲೂ ಇಲ್ಲ, ನನ್ನ ಬದಿಯ ಸ್ವಿಚ್ಚಿನಿಂದಲೂ ಇಲ್ಲ. ನೀರ್ಚಾಲು ದಾಟಿ ಮನೆ ಮುಟ್ಟುವವರೆಗೆ 73 ವರ್ಷದ ಅತ್ತೆ ಒಂದು ಬೈರಾಸನ್ನು (ಟವೆಲನ್ನು) ಎರಡೂ ಕೈಯಲ್ಲಿ ಕಿಟಕಿಗೆ ಅಡ್ಡ ಹಿಡಿದು ಕೂತಿದ್ದರು. ಆಗಷ್ಟೇ ಕಣ್ಣಿಗೆ ಮದ್ದು ಬಿಡಿಸಿಕೊಂಡು ಬಂದವರು. ಆ ಚಿತ್ರ ಈಗಲೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಅದರ ಮರುದಿನದಿಂದ ಒಂದೂವರೆ ತಿಂಗಳು ನಡೆದದ್ದನ್ನು ಬರೆಯುತ್ತಿದ್ದೇನೆ. ಎರಡು ಸಲ ವರ್ಕ್‌ಶಾಪಿಗೆ ಹೋಗಿ 8,000 ರೂಪಾಯಿ ಕೊಟ್ಟೆ. ಕೊನೆಗೆ ಸರಿಯಾದದ್ದು 450 ರೂಪಾಯಿಯಲ್ಲಿ, ಬೇರೊಬ್ಬರ ಕೈಯಲ್ಲಿ. ಮಳೆಗಾಲದಲ್ಲಿ ಇದೇ ತೊಂದರೆ ನಮ್ಮ ಕಡೆಯ ಎಷ್ಟೋ ಮಂದಿಗೆ ಬರುತ್ತದೆ, ನನಗಾದ ಹಾಗೆ ಅವರಿಗೆ ಆಗಬಾರದು.

ಮೊದಲ ವರ್ಕ್‌ಶಾಪಿನಲ್ಲಿ ಹುಡುಗನೊಬ್ಬ ಬಂದು ಸ್ವಿಚ್ಚನ್ನು ಎರಡು ಸಲ ಒತ್ತಿ, "ಟೀಚರೇ, ಮೋಟಾರು ಹೋಗಿದೆ, ಬೇರೆ ಹಾಕಲೇಬೇಕು" ಎಂದ. ಬಾಗಿಲು ಬಿಚ್ಚಿರಲಿಲ್ಲ. ಮೋಟಾರಿಗೆ ಕರೆಂಟು ಬರುತ್ತದೋ ಎಂದು ನೋಡಿರಲಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು, ನಾನು ಆಯಿತೆಂದೆ. ಸಂಜೆ ಗಾಜು ಚೆನ್ನಾಗಿ ಏರಿತು, ಇಳಿಯಿತು. 5,400 ರೂಪಾಯಿ. ಒಂದು ಚೀಟಿಯಲ್ಲಿ ಮೊತ್ತ ಮಾತ್ರ ಬರೆದುಕೊಟ್ಟರು. ಹಳೆ ಮೋಟಾರು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಮಲಯಾಳ ಸರಿಯಾಗಿ ಬರದ ಕಾರಣ ಮೋಸ ಹೋದೆ ಎಂದು ಕೆಲವರು ಹೇಳಿದರು. ಹಾಗಲ್ಲ, ಅಲ್ಲಿ ಮಾತೆಲ್ಲ ಕನ್ನಡದಲ್ಲಿಯೇ ಆದದ್ದು.

ಹನ್ನೊಂದನೆಯ ದಿನ ಗಾಜು ಮತ್ತೆ ನಿಂತಿತು. ಈ ಸಲ ಆ ಒಂದೇ ಅಲ್ಲ, ನಾಲ್ಕೂ ಗಾಜು. ಅದೇ ವರ್ಕ್‌ಶಾಪಿಗೆ ಹೋದರೆ, ನನ್ನ ಬದಿಯ ಮುಖ್ಯ ಸ್ವಿಚ್ಚು ಹಾಳಾಗಿದೆ ಎಂದು ಅದನ್ನು ಬದಲಿಸಿದರು. 2,600 ರೂಪಾಯಿ. ಮೂರು ಗಾಜು ಸರಿಯಾದವು. ಅತ್ತೆಯ ಬದಿಯದು ಒಮ್ಮೆ ಏರಿ ನಿಂತಿತು. "ಸದ್ಯ ಅದನ್ನು ಮುಟ್ಟಬೇಡಿ" ಎಂದರು.

ಈ ನಡುವೆ ಕಾರಿನೊಳಗೆ ಒಂದು ಮುಗ್ಗಲು ವಾಸನೆ. ಎಡಬದಿಯ ಮ್ಯಾಟು ಎತ್ತಿ ಕೈಯಿಟ್ಟರೆ ಕೆಳಗಿನ ಕಾರ್ಪೆಟ್ಟು ಒದ್ದೆ ಚಾಪೆಯ ಹಾಗೆ, ಒತ್ತಿದರೆ ನೀರು ಬರುತ್ತಿತ್ತು. ಗಾಜು ಪೂರ್ತಿ ಮುಚ್ಚಿರುವಾಗ ನೀರು ಎಲ್ಲಿಂದ ಬಂತು ಎಂದೇ ತಿಳಿಯಲಿಲ್ಲ.

ಬೇರೊಂದು ಕಡೆ ವಯರಿಂಗ್ ಕೆಲಸ ಮಾಡುವವರೊಬ್ಬರಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಅಲ್ಲಿಗೆ ಹೋದೆ. ಆ ಅಣ್ಣ ಮೊದಲು ಏನನ್ನೂ ಬಿಚ್ಚಲಿಲ್ಲ. ಒಳಗಿನ ದೀಪ ಹಾಕಿ ಸ್ವಿಚ್ಚು ಒತ್ತಿ, "ದೀಪ ಸ್ವಲ್ಪವಾದರೂ ಮಂಕಾಗುತ್ತದಾ ನೋಡಿ ಟೀಚರೇ" ಎಂದರು. ಆಗಲಿಲ್ಲ. ಮೋಟಾರು ಜಾಮ್ ಆಗಿದ್ದರೆ ಅದು ಕರೆಂಟು ಎಳೆಯುತ್ತದೆ, ದೀಪ ಮಂಕಾಗುತ್ತದೆ. ಮಂಕಾಗದಿದ್ದರೆ ಕರೆಂಟು ಅಲ್ಲಿಗೆ ಮುಟ್ಟುತ್ತಲೇ ಇಲ್ಲ, ಅಥವಾ ಮೋಟಾರಿನ ಒಳಗೇ ಕಡಿದಿದೆ. ಇದು ಯಾವುದು ಎಂದು ತಿಳಿಯಲು ಅವರು ಬಾಗಿಲನ್ನು ಅರ್ಧ ತೆರೆದು, ಎಡಗೈಯಲ್ಲಿ ಸ್ವಿಚ್ಚು ಒತ್ತಿ ಹಿಡಿದು, ಬಲಗೈಯಲ್ಲಿ ಬಾಗಿಲನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ಒಂದು ಕಡೆಗೆ ಬಂದಾಗ ಗಾಜು ಗಕ್ಕನೆ ಒಂದಿಂಚು ಇಳಿಯಿತು. ಮತ್ತೆ ಆಡಿಸಿದರೆ ನಿಂತಿತು.

ಬಾಗಿಲು ಮತ್ತು ಕಾರಿನ ಕಂಬದ ನಡುವೆ, ಕೀಲಿನ ಹತ್ತಿರ, ಮಡಿಕೆ ಮಡಿಕೆಯಾದ ಒಂದು ಕಪ್ಪು ರಬ್ಬರು ಕೊಳವೆ ಇರುತ್ತದೆ. ಬಾಗಿಲಿಗೆ ಹೋಗುವ ವಯರುಗಳೆಲ್ಲ ಅದರ ಒಳಗಿನಿಂದ ಹೋಗುತ್ತವೆ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅವು ಅದೇ ಜಾಗದಲ್ಲಿ ಮಡಚುತ್ತವೆ. ನಮ್ಮ ಕಾರಿಗೆ 9 ವರ್ಷ. ಮಂಡಿನೋವಿನ ಅತ್ತೆಗಾಗಿ ಆ ಬಾಗಿಲನ್ನು ಯಾವಾಗಲೂ ಪೂರ್ತಿ ತೆರೆಯುತ್ತೇವೆ. ಅಣ್ಣ ರಬ್ಬರನ್ನು ಕಂಬದ ಕಡೆಯಿಂದ ಬಿಡಿಸಿ ಹಿಂದೆ ಸರಿಸಿದಾಗ ವಯರುಗಳ ನಡುವೆ ಒಂದರ ಸಿಪ್ಪೆ ಒಡೆದು, ಒಳಗಿನ ತಾಮ್ರ ಪಾಚಿಯ ಹಾಗೆ ಹಸಿರಾಗಿತ್ತು. ಎಳೆಗಳೆಲ್ಲ ಕಡಿದು ಎರಡೋ ಮೂರೋ ಮಾತ್ರ ಕೂದಲಿನ ಹಾಗೆ ಅಂಟಿಕೊಂಡಿದ್ದವು. ನಮ್ಮ ಅಷ್ಟೂ ಕಷ್ಟಕ್ಕೆ ಕಾರಣ ಆ ಕಾಲಿಂಚು ಜಾಗ.

ಹಾಗಾದರೆ ಹೊಸ ಮೋಟಾರು ಹಾಕಿದಾಗ ಹನ್ನೊಂದು ದಿನ ಹೇಗೆ ನಡೆಯಿತು ಎಂದು ಕೇಳಿದೆ. ಬಾಗಿಲು ಬಿಚ್ಚಿ ಎಳೆದಾಡುವಾಗ ಕಡಿದ ತುದಿಗಳು ಒಂದಕ್ಕೊಂದು ತಾಗಿ ಕೂತಿರಬೇಕು ಎಂದರು. ನಾಲ್ಕೂ ನಿಂತದ್ದಕ್ಕೆ ಕಾರಣವೂ ಅದೇ ವಯರು. ಸಿಪ್ಪೆ ಇಲ್ಲದ ತಾಮ್ರ ಬಾಗಿಲಿನ ಕಬ್ಬಿಣಕ್ಕೆ ತಾಗಿ ಫ್ಯೂಸು ಹೋಗಿತ್ತು. ನಮ್ಮ ಕಾರಿನಲ್ಲಿ ನಾಲ್ಕೂ ಗಾಜಿಗೆ ಒಂದೇ ಫ್ಯೂಸು. ಹಾಗಾಗಿ ಆ ಸ್ವಿಚ್ಚು ಬದಲಿಸುವ ಅಗತ್ಯವೇ ಇರಲಿಲ್ಲ.

ಇದಕ್ಕಿಂತಲೂ ನನಗೆ ಹೆದರಿಕೆ ಹುಟ್ಟಿಸಿದ್ದು ಫ್ಯೂಸಿನ ಪೆಟ್ಟಿಗೆ. ಮುಚ್ಚಳದಲ್ಲಿ ಆ ಜಾಗಕ್ಕೆ 20 ಆಂಪಿಯರ್ ಎಂದು ಬರೆದಿದೆ, ಅಂದರೆ ಹಳದಿ ಬಣ್ಣದ ಫ್ಯೂಸು. ಅಲ್ಲಿ ಕೂತಿದ್ದದ್ದು ಹಸಿರು, 30ರದ್ದು. ಹಳದಿ ಮತ್ತೆ ಹೋದರೆ ನಾನು ತಿರುಗಿ ಬರುತ್ತೇನೆಂದು ಮೊದಲಿನ ವರ್ಕ್‌ಶಾಪಿನವರು ದೊಡ್ಡದು ಹಾಕಿ ಕಳಿಸಿದ್ದರೆಂದೇ ಕಾಣುತ್ತದೆ. ವಯರು ಬಿಸಿಯಾಗಿ ಬೆಂಕಿ ಹಿಡಿಯುವ ಮೊದಲು ತಾನು ಕಡಿದುಹೋಗುವುದೇ ಫ್ಯೂಸಿನ ಕೆಲಸ. ದೊಡ್ಡದು ಹಾಕಿದರೆ ಫ್ಯೂಸು ಉಳಿಯುತ್ತದೆ, ವಯರು ಸುಡುತ್ತದೆ. ಆ ಕಾರಿನಲ್ಲಿ ನನ್ನ ಮಗಳು ದಿನವೂ ಕೂರುತ್ತಾಳೆ. ಯಾರಾದರೂ ನಿಮ್ಮ ಕಾರಿನ ಫ್ಯೂಸು ಬದಲಿಸಿದ್ದರೆ ಇವತ್ತೇ ಮುಚ್ಚಳ ತೆಗೆದು ಬಣ್ಣ ನೋಡಿ, ಬರೆದ ಸಂಖ್ಯೆಗೆ ಹೊಂದದಿದ್ದರೆ ತೆಗೆಸಿ.

ಕಾರ್ಪೆಟ್ಟಿನ ನೀರಿಗೂ ಉತ್ತರ ಸಿಕ್ಕಿತು. ಮಳೆ ಬರುವಾಗ ಗಾಜಿನ ಮೇಲಿಂದ ಇಳಿಯುವ ನೀರು ಸ್ವಲ್ಪ ಬಾಗಿಲಿನ ಹೊಟ್ಟೆಯೊಳಗೆ ಹೋಗಿಯೇ ಹೋಗುತ್ತದೆ, ತಳದ ತೂತುಗಳಿಂದ ಹೊರಗೆ ಹರಿಯುತ್ತದೆ. ಅದು ಕಾರಿನ ಒಳಕ್ಕೆ ಬರದಂತೆ ಒಳಬದಿಯ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಮೋಟಾರು ಬದಲಿಸಿದವರು ಅದನ್ನು ಹರಿದು, ಮುದ್ದೆ ಮಾಡಿ, ಬಾಗಿಲಿನೊಳಗೇ ತುರುಕಿದ್ದರು. ತಳದ ಒಂದು ತೂತನ್ನು ಆ ಮುದ್ದೆಯೇ ಮುಚ್ಚಿತ್ತು. ಅಣ್ಣ ದಪ್ಪ ಹಾಳೆ ಕತ್ತರಿಸಿ ಸುತ್ತಲೂ ಅಂಟು ಹಾಕಿ ಕೂರಿಸಿಕೊಟ್ಟರು.

ವಯರನ್ನು ಸುಮ್ಮನೆ ತಿರುಚಿ ಟೇಪು ಸುತ್ತಲಿಲ್ಲ. ಮಡಚುವ ಜಾಗದಲ್ಲಿ ಜೋಡಣೆ ಬಂದರೆ ಮತ್ತೆ ಕಡಿಯುತ್ತದೆಂದು ಒಂದು ಗೇಣು ಹೊಸ ಮೆತ್ತನೆಯ ವಯರನ್ನು ನಡುವೆ ಹಾಕಿ, ಎರಡು ಕೊನೆಗಳನ್ನೂ ಕೊಳವೆಯ ಹೊರಗೆ ಬೆಸೆದು, ಸ್ವಲ್ಪ ಸಡಿಲ ಬಿಟ್ಟರು. ಹಳದಿ ಫ್ಯೂಸು ಹಾಕಿದರು. ಎಲ್ಲ ಸೇರಿ 450.

ನಿಮ್ಮ ಗಾಜು ನಿಂತರೆ ಮೊದಲು ಚಾಲಕನ ಬಾಗಿಲಿನ ಲಾಕ್ ಗುಂಡಿ ನೋಡಿ. ಮಕ್ಕಳು ಆಡದಿರಲಿ ಎಂದು ಇಟ್ಟ ಗುಂಡಿ ಅದು, ಒತ್ತಿಹೋಗಿದ್ದರೆ ಉಳಿದ ಬಾಗಿಲುಗಳ ಸ್ವಿಚ್ಚು ಕೆಲಸ ಮಾಡುವುದಿಲ್ಲ. ನಾಲ್ಕೂ ನಿಂತಿದ್ದರೆ ಮೊದಲು ಫ್ಯೂಸು ನೋಡಿ. ಒಂದೇ ನಿಂತಿದ್ದರೆ ಎರಡೂ ಕಡೆಯ ಸ್ವಿಚ್ಚು ಒತ್ತಿ ನೋಡಿ. ಒಂದರಿಂದ ಆಗಿ ಇನ್ನೊಂದರಿಂದ ಆಗದಿದ್ದರೆ ತಪ್ಪು ಮೋಟಾರಿನದ್ದಲ್ಲ. ಮೋಟಾರು ತಿರುಗುವ ಸದ್ದು ಬಂದೂ ಗಾಜು ಅಲುಗದಿದ್ದರೆ, ಅಥವಾ ಓರೆಯಾಗಿ ಏರಿದರೆ, ಗಾಜನ್ನು ಎತ್ತುವ ಒಳಗಿನ ಕೇಬಲ್ಲೋ ಪ್ಲಾಸ್ಟಿಕ್ ತುಂಡೋ ಹೋಗಿರುತ್ತದೆ. ಬರೀ ನಿಧಾನವಾದರೆ ಗಾಜು ಜಾರುವ ರಬ್ಬರಿನಲ್ಲಿ ಮಣ್ಣು ಕೂತಿರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ಸಿಲಿಕೋನ್ ಸ್ಪ್ರೇ ಹಾಕಿ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಹಾಕುವ ಅಭ್ಯಾಸ ಉಂಟು, ಇದಕ್ಕೆ ಬೇಡ, ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ. ದಾರಿಯಲ್ಲಿ ಮಳೆಗೆ ಸಿಕ್ಕಿದರೆ ಒಬ್ಬರು ಸ್ವಿಚ್ಚು ಒತ್ತಿ ಹಿಡಿದು ಇನ್ನೊಬ್ಬರು ಎರಡೂ ಅಂಗೈಗಳಿಂದ ಗಾಜನ್ನು ಮೇಲಕ್ಕೆ ದೂಡಿ ನೋಡಿ. ಅಂಚಿನ ಹತ್ತಿರ ಬೆರಳು ಇಡಬೇಡಿ, ಕಡಿದ ವಯರು ತಾಗಿದರೆ ಗಾಜು ತಟ್ಟನೆ ಏರುತ್ತದೆ.

ಮೋಟಾರು ಹೋಗಿದೆ ಎಂದು ಯಾರಾದರೂ ಹೇಳಿದರೆ ಒಂದೇ ಮಾತು ಕೇಳಿ: "ಮೋಟಾರಿನ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಇಟ್ಟು ತೋರಿಸಿ." ಕರೆಂಟು ಬರುತ್ತದೋ ಎಂದು ತೋರಿಸುವ ಸಣ್ಣ ದೀಪ ಅದು. ಸ್ವಿಚ್ಚು ಮೇಲಕ್ಕೂ ಕೆಳಕ್ಕೂ ಒತ್ತಿದಾಗ ದೀಪ ಹೊತ್ತಿ, ಮೋಟಾರು ಮಾತ್ರ ತಿರುಗದಿದ್ದರೆ ಅವರು ಹೇಳಿದ್ದು ಹೆಚ್ಚಾಗಿ ಸರಿಯೇ, ಬದಲಿಸಿ. ದೀಪ ಹೊತ್ತದಿದ್ದರೆ ಹಣ ಕೊಡಬೇಡಿ. ತೆಗೆದ ಸಾಮಾನು ವಾಪಸು ಕೇಳಿ, ಬಿಲ್ಲು ಕೇಳಿ. ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದು ಹೇಳುತ್ತದೆ. ಆ ಚೀಟಿ ತೆಗೆದುಕೊಳ್ಳುವಾಗ ನನಗೆ ಅದು ಗೊತ್ತಿರಲಿಲ್ಲ.

ಕಳೆದ ಶನಿವಾರ ಕಡಿದ ವಯರಿನ ತುಂಡನ್ನು ಹಿಡಿದುಕೊಂಡು ಮೊದಲಿನ ವರ್ಕ್‌ಶಾಪಿಗೆ ಹೋಗಿದ್ದೆ. ನಮ್ಮ ಹಳೆ ಮೋಟಾರು ಕೊಡಿ, ಬ್ಯಾಟರಿಗೆ ಹಿಡಿದು ನೋಡುತ್ತೇನೆ ಎಂದೆ. ಅದನ್ನು ಅಂದೇ ಗುಜರಿಗೆ ಹಾಕಿಯಾಗಿದೆ ಎಂದರು.