ಕಾಫಿಪುಡಿ ಪ್ಯಾಕೆಟ್ಟಿನ ವಿನ್ಯಾಸಕ್ಕೆ ಸ್ಫೂರ್ತಿ ಎಲ್ಲಿಂದ? ಮೊಬೈಲ್, ದೇವಾಲಯ, ತೋಟ, ಸಂತೆಬೀದಿ – ಒಂದು ಹೋಲಿಕೆ

ಸಕಲೇಶಪುರದ ಕಡೆಯ ಬೆಳೆಗಾರ ಕುಟುಂಬವೊಂದು ತಮ್ಮ ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿ, ಕಾಲು ಕಿಲೋ ಪ್ಯಾಕೆಟ್ಟುಗಳಲ್ಲಿ ಮಾರಲು ನಿರ್ಧರಿಸಿದಾಗ ಅದರ ಹೆಸರಿನ ಅಕ್ಷರ, ಗುರುತು ಮತ್ತು ಬಣ್ಣಗಳನ್ನು ರೂಪಿಸುವ ಕೆಲಸ ಹಾಸನದಲ್ಲಿರುವ ನನ್ನ ಬಳಿಗೆ ಬಂತು. ವಿನ್ಯಾಸಕ್ಕೆ ಸ್ಫೂರ್ತಿ ದಿನನಿತ್ಯದ ಬದುಕಿನಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದರ ಯಾವ ಭಾಗದಿಂದ ಏನು ಸಿಗುತ್ತದೆ ಎಂಬುದನ್ನು ಒಂದೇ ಕೆಲಸದ ಮೇಲೆ ಪರೀಕ್ಷಿಸಿ ನೋಡಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಆದ್ದರಿಂದ ನಾಲ್ಕು ಮೂಲಗಳಿಂದ ನಾಲ್ಕು ಬೇರೆ ಬೇರೆ ಕರಡುಗಳನ್ನು ಸಿದ್ಧಪಡಿಸಿ, ಎಲ್ಲಕ್ಕೂ ಒಂದೇ ಒರೆಗಲ್ಲು ಹಚ್ಚಿದೆ: ಅಂಗಡಿಯ ಕಪಾಟಿನಲ್ಲಿರುವ ಹೆಸರನ್ನು ಕಟ್ಟೆಯ ಈಚೆ ನಿಂತವರು ಓದಬೇಕು, ಒಂದೇ ಬಣ್ಣದ ರಬ್ಬರ್ ಮೊಹರಿನಲ್ಲೂ ಗುರುತು ಕೆಡಬಾರದು, ಬೇರೊಬ್ಬರ ಪ್ಯಾಕೆಟ್ಟಿಗೆ ಅದನ್ನೇ ಅಂಟಿಸಿದರೆ ಹೊಂದಬಾರದು.

ಮೊಬೈಲಿನಲ್ಲಿ ಸಿಗುವ ಚಿತ್ರಸಂಗ್ರಹಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಒಂದು ಸಂಜೆಯಲ್ಲೇ ನೂರಾರು ಕಾಫಿ ಪ್ಯಾಕೆಟ್ಟುಗಳನ್ನು ನೋಡಬಹುದು, ಮತ್ತು ಒಂದು ಚಿತ್ರವನ್ನು ಮೆಚ್ಚಿದರೆ ಅದರಂಥವೇ ಮತ್ತೆ ಮತ್ತೆ ಎದುರಿಗೆ ಬರುತ್ತವೆ: ಕಂದು ಕಾಗದ, ಸಣ್ಣ ಗೆರೆಯ ಬೆಟ್ಟ, ಹಬೆಯಾಡುವ ಬಟ್ಟಲು. ಹಾಗೆ ಮೂಡಿದ ಕರಡು ಅಚ್ಚುಕಟ್ಟಾಗಿಯೇ ಇತ್ತು, ಆದರೆ ಮೂರನೆಯ ಪರೀಕ್ಷೆಯಲ್ಲಿ ಸಂಪೂರ್ಣವಾಗಿ ಸೋತಿತು. ಊಟಿಯ ಚಹಾಕ್ಕೂ ಕೊಡಗಿನ ಜೇನಿಗೂ ಅದು ಅಷ್ಟೇ ಚೆನ್ನಾಗಿ ಒಪ್ಪುತ್ತಿತ್ತು. ಬೇರೆಯವರು ಈಗಾಗಲೇ ಏನು ಮಾಡಿದ್ದಾರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂಬುದನ್ನು ಒಪ್ಪುತ್ತೇನೆ.

ಹೊಯ್ಸಳ ದೇವಾಲಯಗಳ ವಿಷಯ ಹಾಗಲ್ಲ. ಹಾಸನ ಜಿಲ್ಲೆಯ ವಿನ್ಯಾಸ ಎಂದೊಡನೆ ಗಿರಾಕಿಗಳು ಮೊದಲು ಕೇಳುವುದು ಬೇಲೂರಿನ ಮದನಿಕೆಯನ್ನೇ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಬೇಡಿಕೆ ಇನ್ನೂ ಹೆಚ್ಚಾಗಿದೆ. ಆದರೆ ಮೃದುವಾದ ಬಳಪದ ಕಲ್ಲಿನಲ್ಲಿ ಸಾಧ್ಯವಾದ ಕೂದಲೆಳೆಯ ಕೆತ್ತನೆ ಅಂಗೈ ಅಗಲದ ಪ್ಯಾಕೆಟ್ಟಿನ ಮೇಲೆ ಉಳಿಯುವುದಿಲ್ಲ; ಒಡವೆಯ ಗೆರೆಗಳೆಲ್ಲ ಕೂಡಿಕೊಂಡು ಶಾಯಿಯ ಕಲೆಯಾಗುತ್ತವೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು: ದೇವರ ರೂಪವಿರುವ ಪ್ಯಾಕೆಟ್ಟು ಖಾಲಿಯಾದ ಮೇಲೆ ಕಸದ ಬುಟ್ಟಿಗೆ ಹೋಗುತ್ತದೆ, ಅದನ್ನು ಬಿಸಾಡುವಾಗ ನಮ್ಮ ಕಡೆಯ ಯಾವ ಮನೆಯವರ ಮನಸ್ಸೂ ಒಪ್ಪುವುದಿಲ್ಲ.

ಹಾಗೆಂದು ದೇವಾಲಯ ನನಗೆ ಏನನ್ನೂ ಕೊಡಲಿಲ್ಲವೆಂದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಮೂರ್ತಿಗಳನ್ನು ಬಿಟ್ಟು ಕೇವಲ ಪಟ್ಟಿಕೆಗಳಾಗಿ ನೋಡಿದರೆ, ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸ ಎಂದು ಒಂದೊಂದೇ ಪದರ ಏರುತ್ತಾ ಹೋಗಿ, ದೊಡ್ಡ ವಿಗ್ರಹಗಳು ಆ ಪದರಗಳ ಮೇಲೆ ನಿಲ್ಲುತ್ತವೆ. ಇಷ್ಟೊಂದು ವಿಷಯವಿದ್ದರೂ ಕಣ್ಣಿಗೆ ಆಯಾಸವಾಗದಿರುವುದು ಪ್ರತಿಯೊಂದು ಪಟ್ಟಿಕೆಯೂ ತನ್ನ ಎತ್ತರವನ್ನು ಬಿಟ್ಟುಕೊಡದ ಕಾರಣದಿಂದ. ನಮ್ಮ ಪ್ಯಾಕೆಟ್ಟಿನ ಮೇಲೂ ಹೇಳಲೇಬೇಕಾದ ಸಂಗತಿಗಳು ಅನೇಕ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಸ್ಪಷ್ಟವಾಗಿ ನಮೂದಿಸಬೇಕು. ಇದರ ಜೊತೆಗೆ ತೂಕ, ದಿನಾಂಕ, ಬೆಲೆ. ಇವನ್ನೆಲ್ಲ ಮೂಲೆಗೆ ತುರುಕದೆ ಅಡ್ಡಪಟ್ಟಿಗಳಲ್ಲಿ ಜೋಡಿಸುವ ಉಪಾಯ ನನಗೆ ದೊರೆತದ್ದು ಆ ಗೋಡೆಯಿಂದ.

ತೋಟದಿಂದ ನನಗೆ ದೊರೆತದ್ದು ಮುಖ್ಯವಾಗಿ ಬಣ್ಣ, ಮತ್ತು ಬಣ್ಣದ ಮಟ್ಟಿಗೆ ಉಳಿದ ಮೂರೂ ಇದರ ಹತ್ತಿರ ಬರಲಾರವು. ಮಾರುಕಟ್ಟೆಯ ಕಾಫಿ ಪ್ಯಾಕೆಟ್ಟುಗಳಲ್ಲಿ ಬಹುಪಾಲು ಕಂದು ಬಣ್ಣದವು, ಆದರೆ ಹುರಿದ ಬೀಜದ ಆ ಕಂದು ಎಲ್ಲಕ್ಕಿಂತ ಕೊನೆಗೆ ಬರುವ ಬಣ್ಣ. ಮಾರ್ಚ್–ಏಪ್ರಿಲ್‌ನ ಹೂಮಳೆಯ ನಂತರ ಕೆಲವೇ ದಿನ ಗಿಡಗಳೆಲ್ಲ ಬೆಳ್ಳಗಾಗುತ್ತವೆ. ಕಾಯಿ ಹಸಿರಿನಿಂದ ಹಳದಿಗೆ, ಅಲ್ಲಿಂದ ಕೆಂಪಿಗೆ ತಿರುಗುತ್ತದೆ. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಕಳೆದು, ತೊಳೆದು ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್, ಅಂದರೆ ಒಳತೊಗಟೆಯಿನ್ನೂ ಇರುವ ಬೀಜ, ನಸುಹಳದಿಯಾಗಿ ಒಣಗುತ್ತದೆ. ಆ ತೊಗಟೆಯನ್ನು ತೆಗೆದಾಗ ಒಳಗಿನ ಬೀಜ ಬೂದು ಬೆರೆತ ಹಸಿರು. ಕೊಯ್ಲಿನ ಕಾಲದಲ್ಲಿ ಕಣದ ಅಂಚಿನಲ್ಲಿ ನಿಂತು, ಹಣ್ಣಿನ ಕೆಂಪನ್ನೂ ಪಾರ್ಚ್‌ಮೆಂಟಿನ ನಸುಹಳದಿಯನ್ನೂ ಒಂದೇ ಬೆಳಕಿನಲ್ಲಿ ಅಕ್ಕಪಕ್ಕ ನೋಡಿದಾಗ ಪ್ಯಾಕೆಟ್ಟಿನ ಬಣ್ಣ ಅಲ್ಲೇ ತೀರ್ಮಾನವಾಯಿತು. ಅದರಿಂದ ಕಂದು ಕಾಗದವನ್ನು ಕೈಬಿಡಬೇಕಾಯಿತು, ಏಕೆಂದರೆ ಕೆಳಗೆ ಬಿಳಿ ಪದರವಿಲ್ಲದೆ ಅದರ ಮೇಲೆ ಅಚ್ಚಾದ ಯಾವ ತಿಳಿ ಬಣ್ಣವೂ ಮಂಕಾಗುತ್ತದೆ. ತೋಟದ ಮಿತಿಯೆಂದರೆ ಋತು: ಹೂವನ್ನು ನೋಡಬೇಕಾದರೆ ಆ ದಿನಗಳಲ್ಲೇ ಹೋಗಬೇಕು, ಗಿರಾಕಿಯ ಗಡುವು ಮಳೆಗೆ ಕಾಯುವುದಿಲ್ಲ.

ಅಕ್ಷರಕ್ಕೆ ಮಾತ್ರ ತೋಟದಲ್ಲಿ ಉತ್ತರವಿರಲಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಗಣಿಸಲಾದ ಶಾಸನದ ಅಕ್ಷರಗಳು ನನಗೆ ಅತ್ಯಂತ ಪ್ರಿಯ. ಆದರೆ ಇಂದಿನ ಓದುಗರಿಗೆ ಅವು ಚಿತ್ರಗಳಾಗಿ ಕಾಣುತ್ತವೆ, ಹೆಸರಾಗಿ ಓದಿಸಿಕೊಳ್ಳುವುದಿಲ್ಲ. ಹೀಗಾಗಿ ನಾನು ಹೋದದ್ದು ವಾರದ ಸಂತೆಗೆ ಮತ್ತು ಅದರ ಸುತ್ತಲಿನ ಹಳೆಯ ಅಂಗಡಿಬೀದಿಗೆ. ಅಲ್ಲಿ ಎನಾಮಲ್ ಬಣ್ಣದಿಂದ ಕೈಯಲ್ಲಿ ಬರೆದ ಬೋರ್ಡುಗಳು ಇನ್ನೂ ಕೆಲವು ಉಳಿದಿವೆ, ಅವುಗಳ ಪಕ್ಕದಲ್ಲೇ ಹೊಸ ಫ್ಲೆಕ್ಸುಗಳಿವೆ. ಒಂದೇ ಬೀದಿಯಲ್ಲಿ ಎರಡನ್ನೂ ಹೋಲಿಸುವ ಅವಕಾಶ ಇದರಿಂದ ದೊರೆಯಿತು. ಫ್ಲೆಕ್ಸಿನಲ್ಲಿ ಉದ್ದದ ಹೆಸರು ಹಿಡಿಸದಿದ್ದಾಗ ಕಂಪ್ಯೂಟರಿನ ಅಕ್ಷರವನ್ನು ಅಕ್ಕಪಕ್ಕದಿಂದ ಒತ್ತಿ ಕಿರಿದು ಮಾಡುತ್ತಾರೆ, ಆಗ ನಿಂತ ಗೆರೆಗಳು ಸಣಕಲಾಗಿ ಮಲಗಿದ ಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ಬೋರ್ಡು ಬರೆಯುವವರು ಇದೇ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಿದ್ದಾರೆ. ಜಾಗ ಹೆಚ್ಚಿದ್ದರೆ ತಲೆಕಟ್ಟನ್ನು ಎಳೆಯುತ್ತಾರೆ, ಕಡಿಮೆಯಿದ್ದರೆ ಅಕ್ಷರದ ಹೊಟ್ಟೆಯನ್ನು ಕಿರಿದು ಮಾಡುತ್ತಾರೆ, ಕುಂಚದ ಅಗಲ ಬದಲಾಗದಿರುವುದರಿಂದ ಗೆರೆಯ ದಪ್ಪ ಮಾತ್ರ ಎಲ್ಲೆಡೆಯೂ ಸಮ. ಒತ್ತಕ್ಷರವನ್ನು ಮೇಲಿನ ಅಕ್ಷರದ ಬಲಕ್ಕೆ ಸರಿಸಿ ಕೂರಿಸುತ್ತಾರೆ. ಗೆರೆಯ ಒಂದು ಬದಿಗೆ ಎಳೆದ ಎರಡನೆಯ ಬಣ್ಣದ ನೆರಳು ಅಲಂಕಾರವೆಂದು ನಾನು ಭಾವಿಸಿದ್ದೆನಾದರೂ, ರಸ್ತೆಯ ಆಚೆ ಬದಿಗೆ ಹೋಗಿ ನೋಡಿದರೆ ಅಕ್ಷರವನ್ನು ಹಲಗೆಯಿಂದ ಬೇರ್ಪಡಿಸಿ ಓದಿಸುತ್ತಿದ್ದದ್ದು ಆ ನೆರಳೇ.

ನನ್ನ ಆಯ್ಕೆ ಈ ಬೀದಿಯೇ. ಇದರಿಂದ ಮೂಡಿದ ಕರಡು ಮೂರೂ ಪರೀಕ್ಷೆಗಳಲ್ಲಿ ಗೆದ್ದಿತು, ಏಕೆಂದರೆ ದೂರದಿಂದ ಓದಿಸುವುದು, ಕಡಿಮೆ ಬಣ್ಣದಲ್ಲಿ ನಿಭಾಯಿಸುವುದು, ಈ ಅಂಗಡಿಯನ್ನು ಪಕ್ಕದ ಅಂಗಡಿಯಿಂದ ಬೇರೆಯಾಗಿ ತೋರಿಸುವುದು ಎಂಬ ನಮ್ಮ ಕೆಲಸದ ತೊಡಕುಗಳನ್ನೇ ಅಲ್ಲಿಯವರು ದಿನವೂ ಎದುರಿಸುತ್ತಿದ್ದಾರೆ. ದೇವಾಲಯದಿಂದ ಜೋಡಣೆಯನ್ನೂ ತೋಟದಿಂದ ಬಣ್ಣವನ್ನೂ ಪಡೆದದ್ದು ನಿಜ, ಆದರೆ ಒಂದೇ ಮೂಲವನ್ನು ಉಳಿಸಿಕೊಳ್ಳಬೇಕೆಂದರೆ ನಾನು ಬೋರ್ಡುಗಳನ್ನೇ ಉಳಿಸಿಕೊಳ್ಳುತ್ತೇನೆ. ಬೋರ್ಡಿನ ಅಕ್ಷರದ ಫೋಟೋ ತೆಗೆದು ನಕಲು ಮಾಡುವುದು ಸುಲಭವಿತ್ತು. ಅದು ಸರಿಯೆನಿಸದ ಕಾರಣ ಆ ಬೀದಿಯಲ್ಲಿ ಬರೆಯುವ ಹಿರಿಯ ಕಲಾವಿದರಿಂದಲೇ ಕಾಫಿಯ ಹೆಸರನ್ನು ದಪ್ಪ ಕಾಗದದ ಮೇಲೆ ಬರೆಸಿ, ಬೋರ್ಡಿಗೆ ಪಡೆಯುವಷ್ಟೇ ಸಂಭಾವನೆಯನ್ನು ಕುಟುಂಬದವರಿಂದ ಕೊಡಿಸಿದೆ. ಸ್ಕ್ಯಾನ್ ಮಾಡಿದ ಮೇಲೆ ನಾನು ತಿದ್ದಿದ್ದು ಒತ್ತಕ್ಷರಗಳ ದಪ್ಪವನ್ನು ಮಾತ್ರ. ಮೊಹರಿನ ಅಳತೆಗೆ ಇಳಿಸಿದಾಗ ಅವು ತುಸು ತೆಳುವಾಗುತ್ತಿದ್ದವು.