ಎರಡು ಲೈಟಿನ ಸ್ಟುಡಿಯೋ ಕಿಟ್: ಆರು ತಿಂಗಳು ಇಳಕಲ್ ಸೀರೆ ಫೋಟೊ ತೆಗೆದ ಮೇಲೆ

ಬಾಗಲಕೋಟೆಯ ನಮ್ಮ ಮನೆಯಿಂದಲೇ ನಾನೂ ನಮ್ಮ ಅತ್ತೆಯೂ ಇಳಕಲ್ ಸೀರೆ ಮಾರುತ್ತೇವೆ. ವ್ಯಾಪಾರವೆಲ್ಲ ವಾಟ್ಸಾಪಿನಲ್ಲೇ. ಬಿಡುವು ಸಿಗುವುದು ರಾತ್ರಿ ಎಂಟರ ಮೇಲೆ, ಹಾಗಾಗಿ ಫೋಟೊ ತೆಗೆಯುತ್ತಿದ್ದದ್ದು ಟ್ಯೂಬ್‌ಲೈಟಿನಲ್ಲಿ. ದಾಳಿಂಬೆ ಕೆಂಪು ಇಟ್ಟಿಗೆ ಬಣ್ಣವಾಗಿ ಕಂಡು ಎರಡು ಸೀರೆ ವಾಪಸ್ ಬಂದವು. ಆಗ ಈ ಕಿಟ್ ತರಿಸಿದೆ.

300 ವ್ಯಾಟ್-ಸೆಕೆಂಡಿನ (ಫ್ಲ್ಯಾಶಿನ ಶಕ್ತಿಯ ಅಳತೆ) ಎರಡು ಫ್ಲ್ಯಾಶ್, ಎರಡು ಸ್ಟ್ಯಾಂಡ್, ಬೆಳಕನ್ನು ಮೆದು ಮಾಡುವ ಬಟ್ಟೆಯ ಡಬ್ಬ ಅಂದರೆ ಒಂದು ಸಾಫ್ಟ್‌ಬಾಕ್ಸ್, ಬೆಳಕು ಹರಡುವ ಒಂದು ಕೊಡೆ, ಕ್ಯಾಮೆರಾ ಒತ್ತಿದಾಗ ಫ್ಲ್ಯಾಶ್ ಹೊಡೆಸುವ ಒಂದು ಟ್ರಿಗರ್. 22 ಸಾವಿರ ಚಿಲ್ಲರೆ ಆಯಿತು. ಈ ಬೆಲೆಗೆ ಮೂರ್ನಾಲ್ಕು ಕಂಪನಿಗಳ ಕಿಟ್ ಸಿಗುತ್ತವೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಅದಕ್ಕೇ ಹೆಸರು ಬಿಟ್ಟು ಸಾಮಾನಿನ ಬಗ್ಗೆಯೇ ಬರೆಯುತ್ತೇನೆ. ಒಂದು ಮಾತ್ರ ನೋಡಿ ತಗೊಳ್ಳಿ: ಸಾಫ್ಟ್‌ಬಾಕ್ಸ್ ಕೂರಿಸುವ ಲೈಟಿನ ಬಾಯಿ ಬೋವೆನ್ಸ್ ಕಂಪನಿಯ ಮೌಂಟ್ ಆಗಿರಲಿ. ಆ ಬ್ರಿಟಿಷ್ ಕಂಪನಿ 2017ರಲ್ಲೇ ಮುಚ್ಚಿತು, ಆದರೆ ಅದರ ಮೌಂಟಿಗೆ ಕೂರುವ ಸಾಫ್ಟ್‌ಬಾಕ್ಸ್ ಇವತ್ತಿಗೂ ಎಲ್ಲ ಕಡೆ ಸಿಗುತ್ತದೆ.

ಮೊದಲ ರಾತ್ರಿ ಫೋಟೊದ ಕೆಳಗೆ ಕಪ್ಪು ಪಟ್ಟಿ ಬಂತು. ಲೈಟೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಶಟರ್ ವೇಗ 1/500 ಸೆಕೆಂಡಿನಲ್ಲಿತ್ತು. ಅಷ್ಟು ವೇಗದಲ್ಲಿ ಶಟರಿನ ಪರದೆ ಪೂರ್ತಿ ತೆರೆಯುವುದೇ ಇಲ್ಲ, ಫ್ಲ್ಯಾಶ್ ಬಿದ್ದಾಗ ಒಂದು ಭಾಗ ಮುಚ್ಚಿಕೊಂಡೇ ಇರುತ್ತದೆ. ಫ್ಲ್ಯಾಶ್ ಜೊತೆ ನನ್ನ ಕ್ಯಾಮೆರಾಕ್ಕೆ 1/200 ಮಿತಿ. ಈಗ ಶಟರ್ 1/160, ಲೆನ್ಸಿನ ತೆರಪು ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್ಒ 100ಕ್ಕೆ ಇಟ್ಟು ಮೊದಲು ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆಯುತ್ತೇನೆ. ಅದು ಪೂರ್ತಿ ಕಪ್ಪಗೆ ಬಂದರೆ ಟ್ಯೂಬ್‌ಲೈಟಿನ ಬಣ್ಣ ಸೀರೆಗೆ ಸೇರುತ್ತಿಲ್ಲ ಅಂತ ಅರ್ಥ. ಹಾಗೆ ಇಟ್ಟಾಗ ಮಿರರ್‌ಲೆಸ್ ಕ್ಯಾಮೆರಾದ ಸ್ಕ್ರೀನೂ ಕಪ್ಪಾಗುತ್ತದೆ, ಗಾಬರಿ ಬೇಡ. ಮೆನುವಿನಲ್ಲಿ ಎಕ್ಸ್‌ಪೋಶರ್ ಪ್ರಿವ್ಯೂ ಆಫ್ ಮಾಡಿದರೆ ಸರಿಹೋಗುತ್ತದೆ.

ಕೊಡೆ ನಮಗೆ ಕೆಲಸಕ್ಕೆ ಬರಲಿಲ್ಲ. ಬೆಳಕನ್ನು ಕೋಣೆ ತುಂಬ ಚೆಲ್ಲುತ್ತದೆ. ನಮ್ಮ ಗೋಡೆಗೆ ತಿಳಿ ಹಸಿರು ಬಣ್ಣ, ಅದು ಅಲ್ಲಿಂದ ತಿರುಗಿ ಬಂದು ಬಿಳಿ ನೂಲಿಗೆ ಬಳಿದ ಹಾಗೆ ಕಾಣುತ್ತಿತ್ತು. ಸಾಫ್ಟ್‌ಬಾಕ್ಸ್ ಹಾಕಿ, ಗೋಡೆಗೆ ಬಿಳಿ ಹಾಸಿಗೆ ಬಟ್ಟೆ ಕಟ್ಟಿ, ಕ್ಯಾಮೆರಾದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗನ್ನು ಫ್ಲ್ಯಾಶಿಗೆ ಇಟ್ಟ ಮೇಲೆ ದಾಳಿಂಬೆ ದಾಳಿಂಬೆಯಾಗೇ ಬಂತು.

ಆದರೂ ಸೀರೆ ಚಪ್ಪಟೆಯಾಗೇ ಕಾಣುತ್ತಿತ್ತು. ಇದೇ ನನ್ನನ್ನು ಜಾಸ್ತಿ ದಿನ ಕಾಡಿದ್ದು. ಎರಡೂ ಲೈಟನ್ನು ಎಡಕ್ಕೊಂದು ಬಲಕ್ಕೊಂದು ಸಮಾನವಾಗಿ ಇಟ್ಟಿದ್ದೆ, ಒಂದರ ನೆರಳನ್ನು ಇನ್ನೊಂದು ಅಳಿಸಿಹಾಕುತ್ತಿತ್ತು. ಒಂದನ್ನು ಆಫ್ ಮಾಡಿದೆ. ಉಳಿದದ್ದನ್ನು ಸೆರಗಿನ ಪಕ್ಕಕ್ಕೆ ತಂದು, ಬೆಳಕು ಬಟ್ಟೆಯ ಮೇಲೆ ಸವರಿಕೊಂಡು ಹೋಗುವಷ್ಟು ಓರೆ ಮಾಡಿದೆ. ನಾಲ್ಕು ಅಡಿಯಿಂದ ಎರಡಡಿಗೆ ತಂದಾಗ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಪವರ್ ಕಾಲು ಭಾಗಕ್ಕೆ ಇಳಿಸಿದೆ. ಟೋಪ ತೆಣಿ ಅನ್ನುವ ಇಳಕಲ್ ಸೆರಗಿನ ಬಿಳಿ ಗೋಪುರಗಳು ಕೆಂಪಿನ ಮೇಲೆ ಎದ್ದು ನಿಂತವು. ಗೋಮಿ ಅನ್ನುವ ವಿನ್ಯಾಸದ ದಡಿಯ ಒಂದೊಂದು ಎಳೆಗೂ ತನ್ನದೇ ಸಣ್ಣ ನೆರಳಿತ್ತು. ಅತ್ತೆ ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಂದು ನೋಡಿ, "ಈಗ ನೋಡವಾ, ಎಳಿ ಎಣಿಸಬಹುದು" ಅಂದರು. ನೇಕಾರ ದಿನಗಟ್ಟಲೆ ಮಗ್ಗದಲ್ಲಿ ಕೂತು ಮಾಡಿದ ಕೆಲಸ ಕೊಳ್ಳುವವರಿಗೆ ಕಾಣಲೇಬೇಕು, ಅಲ್ವಾ?

ಕೊರತೆ ಇದ್ದದ್ದು ಸ್ಟ್ಯಾಂಡಿನಲ್ಲಿ. ತೀರಾ ಹಗುರ. ಸಾಫ್ಟ್‌ಬಾಕ್ಸ್ ಸಮೇತ ಒಂದು ಸಲ ಉರುಳಿ, ಬೆಳಕು ಎಲ್ಲಿ ಬೀಳುತ್ತದೆ ಅಂತ ಮೊದಲೇ ತೋರಿಸುವ ಮಾಡೆಲಿಂಗ್ ಬಲ್ಬ್ ಒಡೆಯಿತು. ಈಗ ಕಾಲಿಗೆ ಐದು ಕಿಲೋ ಜೋಳದ ಚೀಲ ಕಟ್ಟಿದ್ದೇನೆ. ಸಾಫ್ಟ್‌ಬಾಕ್ಸಿನ ಕಡ್ಡಿಗಳನ್ನು ರಿಂಗಿಗೆ ಸಿಕ್ಕಿಸಲು ಇಬ್ಬರು ಬೇಕು, ಎದುರುಬದುರಿನ ಕಡ್ಡಿಗಳನ್ನು ಜೋಡಿಯಾಗಿ ಸಿಕ್ಕಿಸಿದರೆ ಸಲೀಸು.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ: ಇದೇ ಲೈಟ್ ಒಂಟಿಯಾಗಿ ಸಿಕ್ಕರೆ ಅದನ್ನೇ ತಗೊಳ್ಳಿ. ಉಳಿದ ದುಡ್ಡಿಗೆ ಗಟ್ಟಿ ಸ್ಟ್ಯಾಂಡ್, ದೊಡ್ಡ ಸಾಫ್ಟ್‌ಬಾಕ್ಸ್ ಬರುತ್ತದೆ. ನಮ್ಮ ಎರಡನೇ ಲೈಟ್ ನಾಲ್ಕು ತಿಂಗಳಿಂದ ಪೆಟ್ಟಿಗೆಯಲ್ಲಿದೆ. ಅದರ ಜಾಗದಲ್ಲಿ, ಒಂದೇ ಲೈಟಿನ ಬೆಳಕನ್ನು ನೆರಳಿನ ಕಡೆಗೆ ತಿರುಗಿಸಲು, ಸ್ಟೇಷನರಿ ಅಂಗಡಿಯಿಂದ ತಂದ ಬಿಳಿ ಥರ್ಮಾಕೋಲ್ ಹಾಳೆ ನಿಂತಿದೆ.