ಟ್ರ್ಯಾಕ್ಟರ್‌ಗೆ ಲೋಡರ್: ಡೀಲರ್ ಬಳಿಯೋ, ಊರ ವರ್ಕ್‌ಶಾಪಿನಲ್ಲೋ?

ಆಳಂದದ ರೈತರೊಬ್ಬರು ಕೇಳಿದ್ದಾರೆ: ಮುಂಭಾಗದ ಲೋಡರನ್ನು, ಅಂದರೆ ತೋಳು-ಬಕೆಟ್‌ನಿಂದ ಸಾಮಾನು ಎತ್ತುವ ಸಾಧನವನ್ನು, ಎಲ್ಲಿ ಕೂರಿಸಬೇಕು?

ಖರ್ಚು ನೋಡಿದರೆ ಊರ ವೆಲ್ಡಿಂಗ್ ಅಂಗಡಿಯೇ ಅಗ್ಗ. ಬಾಳಿಕೆಯ ಮಾತು ಬೇರೆ. ಡೀಲರ್ ಬಳಿ ಆಯಾ ಮಾದರಿಗೆಂದೇ ಮಾಡಿದ ಬ್ರಾಕೆಟ್ (ಲೋಡರನ್ನು ಟ್ರ್ಯಾಕ್ಟರಿಗೆ ಹಿಡಿದಿಡುವ ಚೌಕಟ್ಟು) ಬೋಲ್ಟ್‌ಗಳಲ್ಲಿ ಕೂರುತ್ತದೆ. ಊರ ಅಂಗಡಿಯವರು ಟ್ರ್ಯಾಕ್ಟರಿನ ಎರಕದ ಭಾಗಕ್ಕೆ ಬೆಸುಗೆ ಹಾಕಿದರೆ ಅದು ಬಿರುಕು ಬಿಡಬಹುದು.

ಸುರಕ್ಷತೆಯಲ್ಲಂತೂ ನಾನು ರಾಜಿಯಾಗಲಾರೆ. ಜೋಡಣೆಗೆ ಕಾಂಕ್ರೀಟ್ ನೆಲ ಬೇಕು. ನಮ್ಮ ಎರೆಮಣ್ಣಿನಲ್ಲಿ, ಅದೂ ಮಳೆ ಬಿದ್ದ ಮೇಲೆ, ಜಾಕ್ ಕುಸಿಯುತ್ತದೆ. ಎತ್ತಿದ ತೋಳಿನ ಕೆಳಗೆ ಯಾರೂ ನುಸುಳಬಾರದು. ತೋಳನ್ನು ಎತ್ತುವ ಹೈಡ್ರಾಲಿಕ್ ಎಣ್ಣೆಯ ಸೋರಿಕೆಯನ್ನು ಬೆರಳಿನಿಂದಲ್ಲ, ರಟ್ಟಿನ ತುಂಡು ಹಿಡಿದು ಹುಡುಕಬೇಕು. ಒತ್ತಡದ ಎಣ್ಣೆ ಚರ್ಮವನ್ನೇ ತೂರುತ್ತದೆ. ಹಿಂದೆ ತೂಕ ಕಟ್ಟದೆ ಬಕೆಟ್ ತುಂಬಿದರೆ ಹಿಂಬದಿಯ ಗಾಲಿಗಳು ಹಗುರಾಗಿ ಟ್ರ್ಯಾಕ್ಟರ್ ಮಗುಚೀತು.

ವರ್ಷವಿಡೀ ಕಲ್ಲು, ಮರಳು ಎತ್ತುವವರು, ವಾರಂಟಿ ಉಳಿದಿರುವವರು ಡೀಲರ್ ಬಳಿಗೇ ಹೋಗಲಿ. ಹಳೆಯ ಟ್ರ್ಯಾಕ್ಟರಿನಲ್ಲಿ ತಿಪ್ಪೆಗೊಬ್ಬರ, ತೊಗರಿ ಹೊಟ್ಟು ಮಾತ್ರ ಎತ್ತುವುದಾದರೆ, ಕಂಪನಿಯ ಬ್ರಾಕೆಟ್ ತಂದುಕೊಟ್ಟು ಊರಲ್ಲೇ ಕೂರಿಸಿಕೊಳ್ಳಬಹುದು. ಕೆಲವು ಗಂಟೆ ದುಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ.